ಹಿತ್ತಲಿನ ಸಾಕ್ಷಿ ಸಾಲು

ಬೆಳಗಿನ ಐದೂವರೆ. ಇನ್ನೂ ಬೆಳಕು ಹರಿದಿಲ್ಲ. ಹಿತ್ತಲ ಬಾಗಿಲಿನ ಚಿಲಕ ಸದ್ದು ಮಾಡುತ್ತದೆ, ಅರವತ್ಮೂರು ವರ್ಷದ ಹೆಂಗಸೊಬ್ಬರು ಹೊರಗೆ ಬರುತ್ತಾರೆ. ಸೀರೆಯ ಮೇಲೆ ಗಂಡನ ಹಳೆಯ ಖಾಕಿ ಅಂಗಿ, ತಲೆಗೆ ಬಿಗಿದ ಟವೆಲ್ಲು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಉಪ್ಪುನೀರಿನ ಡಬ್ಬಿ. ಎಲೆ ಮೇಯ್ದು ಸುಖವಾಗಿ ಮಲಗಿರುವ ಬಸವನಹುಳುಗಳನ್ನು ಒಂದೊಂದಾಗಿ ಹೆಕ್ಕಿ ಡಬ್ಬಿಗೆ ಹಾಕುತ್ತಾರೆ. “ಇವಕ್ಕೆ ದಿನಾ ನನಗಿಂತ ಮೊದಲು ತಿಂಡಿ ಆಗಿರುತ್ತೆ,” ಎನ್ನುತ್ತಾರೆ, ನನ್ನ ಕಡೆ ತಿರುಗದೆ.

ಸುತ್ತಲಿನವರಿಗೆಲ್ಲ ಇವರು ಸಸಿಯಕ್ಕ. ನೆಂಟರಲ್ಲದವರೂ ಅಕ್ಕ ಎನ್ನುತ್ತಾರೆ, ಇವರಿಗಿಂತ ಹತ್ತು ವರ್ಷ ದೊಡ್ಡವರೂ ಅಕ್ಕ ಎನ್ನುತ್ತಾರೆ. ತರಕಾರಿ ಬೆಳೆಯುವ ನೂರಾ ನಲವತ್ತು ಮನೆಗಳವರು ಸಸಿ ಒಯ್ಯುವುದು ಇಲ್ಲಿಂದಲೇ. ಬರುವ ಭಾನುವಾರ ಬೆಳೆಗಾರರ ಸಂಘ ಇವರಿಗೆ ಸನ್ಮಾನ ಇಟ್ಟುಕೊಂಡಿದೆ. ಅಷ್ಟರೊಳಗೆ ಒಂದು ಲೇಖನ ಬರಲಿ ಎಂದು ಸಂಪಾದಕರು ನನ್ನನ್ನು ಅಟ್ಟಿದ್ದಾರೆ. ಇವತ್ತು ಮಂಗಳವಾರ.

ನಾನು ಕ್ಯಾಮೆರಾ ಹಿಡಿದು ನೆರಳು ಪರದೆಯ ಕಡೆ, ಸಾವಿರಾರು ಸಸಿಗಳು ಟ್ರೇಗಳಲ್ಲಿ ಕುಳಿತಿರುವ ಕಡೆ ಹೊರಟರೆ ಸಸಿಯಕ್ಕ ಅತ್ತ ನೋಡುವುದೇ ಇಲ್ಲ. ಬಟ್ಟೆ ಒಗೆಯುವ ಕಲ್ಲಿನ ಆಚೆಗೆ ಹೋಗುತ್ತಾರೆ. ಅಲ್ಲಿ ಚಿಕ್ಕ ಚಿಕ್ಕ ಸಾಲುಗಳಿವೆ, ಸಾಲಿಗೆ ಹತ್ತೇ ಗಿಡ. ಒಂದರಲ್ಲಿ ಟೊಮೆಟೊ, ಪಕ್ಕದ್ದರಲ್ಲಿ ಮೆಣಸಿನಕಾಯಿ, ಅದರಾಚೆ ಬದನೆ, ಮತ್ತೆ ಟೊಮೆಟೊ. ಪ್ರತಿ ಸಾಲಿನ ತಲೆಯಲ್ಲಿ ಒಂದು ಕಡ್ಡಿ, ಕಡ್ಡಿಗೆ ಬಟ್ಟೆಯ ಚೂರು: ಹಳದಿ, ಕೆಂಪು, ಹೂವಿನ ಚಿತ್ತಾರದ್ದು, ಯಾರದೋ ಲುಂಗಿಯ ಅಂಚು. ತೋಟವೆಂದರೆ ತೋಟವಲ್ಲ, ಕಸವೆಂದರೆ ಕಸವೂ ಅಲ್ಲ.

“ಇದು ಸಾಕ್ಷಿ ಸಾಲು,” ಎಂದು ವಿವರಿಸುತ್ತಾರೆ. “ಯಾರಿಗೆ ಸಸಿ ಕೊಟ್ರೂ ಅದೇ ಟ್ರೇಯಿಂದ ಹತ್ತು ತೆಗೆದು, ಅವರು ನೆಟ್ಟ ದಿನಾನೇ ನಾನೂ ಇಲ್ಲಿ ನೆಡ್ತೀನಿ. ಅವರ ಹೊಲದಲ್ಲಿ ಏನಾಗುತ್ತೋ ಇಲ್ಲೂ ಅದೇ ಆಗುತ್ತೆ. ಅವರು ಬಂದು ಹೇಳೋವರೆಗೂ ಕಾಯ್ಬೇಕಾಗಿಲ್ಲ.” ಬಟ್ಟೆಯ ಚೂರು ಯಾವ ಸಾಲು ಯಾರದೆಂಬ ಗುರುತು. ಸಸಿ ಒಯ್ಯಲು ಬಂದವರೇ ಮನೆಯಿಂದ ತರುತ್ತಾರೆ.

ಬೆಳಗಿನ ಮೊದಲ ಅರ್ಧ ಗಂಟೆ ಈ ಸಾಲುಗಳಿಗೆ. ಎಲೆಯ ಅಡಿ ನೋಡುತ್ತಾರೆ, ಬುಡ ಹಿಸುಕುತ್ತಾರೆ, ಒಮ್ಮೊಮ್ಮೆ ಎಲೆ ಹರಿದು ಮೂಸುತ್ತಾರೆ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಎನ್ನುತ್ತೇವಲ್ಲ, ಅದನ್ನು ನಾನು ಕಂಡದ್ದು ಅಂದೇ. ಹಳದಿ ಬಟ್ಟೆ ದಾಟುತ್ತಾರೆ, ಲುಂಗಿಯ ಅಂಚು ದಾಟುತ್ತಾರೆ. ನೀಲಿ ಬಟ್ಟೆಯ ಹತ್ತಿರ ಕುಕ್ಕರುಗಾಲಲ್ಲಿ ಕೂರುತ್ತಾರೆ. ಅದು ಹೂಕೋಸಿನ ಸಾಲು. ಟಾರ್ಚಿನ ಬೆಳಕು ಒಂದು ಗಿಡದ ನಡುವೆ ನಿಂತು ಪಕ್ಕದ ಗಿಡಕ್ಕೆ ಹೋಗುತ್ತದೆ, ವಾಪಸು ಬರುತ್ತದೆ.

“ನೀವು ಒಳಗೆ ಹೋಗಿ ಟೀ ಕುಡೀತಾ ಇರಿ,” ಎನ್ನುತ್ತಾರೆ. ಧ್ವನಿ ಬೇರೆಯಾಗಿದೆ.

ಅಡುಗೆಮನೆಯಲ್ಲಿ ಸೊಸೆ ಟೀ ಸೋಸುತ್ತಿದ್ದಾಳೆ. ಇವಳ ಗಂಡ, ಸಸಿಯಕ್ಕನ ಮಗ, ಪಂಪು ರಿಪೇರಿಯವನು. ಅವನು ಏಳುವುದು ಎಂಟಕ್ಕೆ. ಸಸಿಯಕ್ಕನ ಯಜಮಾನರು ಮೇಜಿನ ಮುಂದೆ ಕೂತಿದ್ದಾರೆ. ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು, ಈಗ ಸಸಿ ಸಾಗಿಸುವ ಗೂಡ್ಸ್ ಆಟೋದ ಚಾಲಕರು. “ಆಗ ಪ್ರಯಾಣಿಕರು ಬೈತಿದ್ರು, ಈಗ ಹೆಂಡ್ತಿ ಬೈತಾಳೆ. ಕೆಲಸ ಅದೇ,” ಎಂದು ಪರಿಚಯ ಮಾಡಿಕೊಳ್ಳುತ್ತಾರೆ.

ಸಾಕ್ಷಿ ಸಾಲಿನ ಕಥೆ ಶುರುವಾಗುವುದು ಇವರಿಂದಲೇ. ಹತ್ತೊಂಬತ್ತು ವರ್ಷದ ಹಿಂದೆ ಸಸಿಯಕ್ಕ ಎರಡು ಮಡಿಗಳಲ್ಲಿ ಒಂದೇ ದಿನ ಬೀಜ ಹಾಕಿದ್ದರು, ಒಂದರಲ್ಲಿ ಎಲೆಕೋಸು, ಇನ್ನೊಂದರಲ್ಲಿ ಹೂಕೋಸು. ಯಾವುದು ಯಾವುದೆಂದು ಕಡ್ಡಿ ಊರಿದ್ದರು. ರಜೆಯಲ್ಲಿದ್ದ ಯಜಮಾನರು ಉಪಕಾರ ಮಾಡಲು ಹೋಗಿ, ಮಡಿಗೆ ಪರದೆ ಹಾಸುವಾಗ ಎರಡೂ ಕಡ್ಡಿ ಕಿತ್ತು, ಆಮೇಲೆ ಅದಲು ಬದಲು ಊರಿದರು. ಎಳೆಯದರಲ್ಲಿ ಈ ಎರಡು ಸಸಿಗಳು ಅವಳಿ ಮಕ್ಕಳಂತೆ. ನನಗೆ ಆಮೇಲೊಂದು ದಿನ ಅರ್ಧ ಗಂಟೆ ಪಾಠ ಹೇಳಿಕೊಟ್ಟ ಮೇಲೂ ಮೂರಕ್ಕೆ ಎರಡು ಸಲ ತಪ್ಪಿತು. ಒಂಬತ್ತು ಮಂದಿ ಎಲೆಕೋಸೆಂದು ಹೂಕೋಸನ್ನೂ ಹೂಕೋಸೆಂದು ಎಲೆಕೋಸನ್ನೂ ನೆಟ್ಟರು. ಒಂದೂವರೆ ತಿಂಗಳ ಮೇಲೆ ಊರೆಲ್ಲ ನಕ್ಕಿತು, ಆ ಒಂಬತ್ತು ಮಂದಿಯನ್ನು ಬಿಟ್ಟು.

“ಅವತ್ತಿಂದ ನಾನು ಕಡ್ಡಿ ಮುಟ್ಟೋ ಹಾಗಿಲ್ಲ,” ಎನ್ನುತ್ತಾರೆ ಯಜಮಾನರು. “ಹಲ್ಲುಕಡ್ಡಿ ಕೂಡ ಕೇಳಿ ತಗೋಬೇಕು.”

ಸೊಸೆ ನಗುತ್ತಾಳೆ. ಮಾತು ಕಡಿಮೆ, ಕೈ ಚುರುಕು. ಗಂಟೆಗೆ ಇಪ್ಪತ್ತೆರಡು ಟ್ರೇಗೆ ಬೀಜ ಹಾಕುತ್ತಾಳೆ, ಅತ್ತೆಯದು ಹದಿನೆಂಟು. ಟ್ರೇಗೆ ತೊಂಬತ್ತೆಂಟು ಗುಳಿ, ಗುಳಿಗೆ ಒಂದೇ ಬೀಜ. ಎರಡು ಪರದೆಮನೆಗಳಲ್ಲಿ ಒಂದು ಹೊತ್ತಿಗೆ ಆರುನೂರ ಇಪ್ಪತ್ತು ಟ್ರೇಗಳಿರುತ್ತವೆ, ಅಂದರೆ ಅರವತ್ತು ಸಾವಿರ ಸಸಿ. ದಿನಕ್ಕೆ ಮೂರು ಸಲ, ಜರಡಿ ಬಾಯಿಯ ಡಬ್ಬದಲ್ಲಿ, ಮಳೆ ಹನಿಸಿದ ಹಾಗೆ ನೀರು. ಪೈಪು ಹಿಡಿದರೆ ಬೇಗ ಮುಗಿಯುತ್ತದಲ್ಲ ಎಂದು ನಾನು ಕೇಳಿದ್ದಕ್ಕೆ, “ಬೇಗ ಮುಗಿಯುತ್ತೆ, ಸಸಿನೂ ಮುಗಿಯುತ್ತೆ,” ಎಂದಳು.

ಅಡುಗೆಮನೆ ಬಾಗಿಲಿನ ಹಿಂಬದಿಗೆ ಕಪ್ಪು ಬಣ್ಣ ಬಳಿದಿದೆ. ಅದರ ಮೇಲೆ ಸೀಮೆಸುಣ್ಣದಲ್ಲಿ ಪ್ರತಿ ತಂಡದ ಸಸಿಗಳ ವಯಸ್ಸು. ಸೊಸೆ ಪ್ರತಿದಿನ ಹಳೆಯ ಅಂಕಿ ಅಳಿಸಿ ಒಂದು ಹೆಚ್ಚಿಸಿ ಬರೆಯುತ್ತಾಳೆ. ಹೂಕೋಸಾದರೆ ಇಪ್ಪತ್ತೆಂಟಕ್ಕೆ ಹೊಲಕ್ಕೆ ಹೋಗಬೇಕು, ಮೂವತ್ತೆರಡು ದಾಟಿದರೆ ಗೊಬ್ಬರದ ಗುಂಡಿಗೆ. ಇದು ಈ ಮನೆಯ ಕಟ್ಟಳೆ. ಯಾರು ಕೇಳಿದರೂ, ಎಷ್ಟು ಗೋಗರೆದರೂ ಮೂವತ್ಮೂರನೆಯ ದಿನ ಹೂಕೋಸು ಸಸಿ ಇಲ್ಲಿ ಸಿಗುವುದಿಲ್ಲ.

ಅಷ್ಟು ಹೊತ್ತಿಗೆ ಸಸಿಯಕ್ಕ ಒಳಗೆ ಬರುತ್ತಾರೆ. ಕೈಯಲ್ಲಿ ಬೇರು ಸಮೇತ ಕಿತ್ತ ಒಂದು ಹೂಕೋಸು ಗಿಡ. ಅದನ್ನು ಟೀ ಲೋಟಗಳ ನಡುವೆ ಮೇಜಿನ ಮೇಲೆ ಇಡುತ್ತಾರೆ. ಐದಾರು ಸಣ್ಣ ಎಲೆ, ನಟ್ಟ ನಡುವೆ ಹೆಬ್ಬೆಟ್ಟಿನಷ್ಟು ಬಿಳಿ ಹೂ. ನನಗಂತೂ ಮುದ್ದಾಗಿಯೇ ಕಂಡಿತು.

ಸೊಸೆಯ ಮುಖ ಸಪ್ಪಗಾಗುತ್ತದೆ. “ದರ್ಜಿ ಅಣ್ಣಂದಾ ಅತ್ತೆ?”

“ಹೂಂ. ಬಟನ್ ಆಗಿದೆ. ಹತ್ತರಲ್ಲಿ ಎಂಟು.”

ಬಟನ್ ಎಂದರೆ ಏನೆಂದು ನನಗೆ ಬಿಡಿಸಿ ಹೇಳುತ್ತಾರೆ. ಟ್ರೇಯಲ್ಲೇ ವಯಸ್ಸಾದ ಹೂಕೋಸು ಸಸಿಗೆ ಬೇರು ಸುತ್ತಿಕೊಂಡು ಗಂಟಾಗಿರುತ್ತದೆ. ಹೊಲಕ್ಕೆ ಹೋದ ಮೇಲೆ ಗಿಡ ಬೆಳೆಯುವುದನ್ನು ಬಿಟ್ಟು, ಕಾಲ ಮೀರಿತೆಂದು ಅವಸರಪಟ್ಟು ಹೂ ಕಟ್ಟಿಬಿಡುತ್ತದೆ. ಆ ಹೂ ಅಂಗಿಯ ಗುಂಡಿಯಷ್ಟಾಗಿ ಅಲ್ಲಿಗೇ ನಿಲ್ಲುತ್ತದೆ. ಯಾವ ಗೊಬ್ಬರ ಸುರಿದರೂ ಮುಂದಕ್ಕೆ ಬರುವುದಿಲ್ಲ.

ದರ್ಜಿ ಎಂದರೆ ಮೂವತ್ನಾಲ್ಕು ವರ್ಷದ ಒಬ್ಬ ಹೊಸ ಬೇಸಾಯಗಾರ. ಎಲ್ಲರೂ ಸಿದ್ಧ ಉಡುಪು ಕೊಳ್ಳಲು ಶುರುಮಾಡಿ ಅಂಗಡಿಗೆ ಬರುವವರು ಕಡಿಮೆಯಾದ ಮೇಲೆ, ಅಪ್ಪನ ಪಾಲಿನ ಹೊಲಕ್ಕೆ ಇಳಿದವನು. ಈ ಹೂಕೋಸು ಆತನ ಮೊದಲ ಬೆಳೆ. ಇದು ಕೈಹಿಡಿದರೆ ಹೊಲ, ಇಲ್ಲವಾದರೆ ಹೊಲವನ್ನು ಅಣ್ಣನಿಗೆ ಬಿಟ್ಟು ದೂರದ ಬಟ್ಟೆ ಕಾರ್ಖಾನೆ ಎಂದು ಮನೆಯಲ್ಲಿ ಮಾತಾಗಿದೆಯಂತೆ. ಮೂರು ಸಾವಿರ ಸಸಿ ಹೇಳಿಟ್ಟು ಹೋದ. ಇಪ್ಪತ್ತೆಂಟನೆಯ ದಿನ ಬಂದು, “ಅಕ್ಕಾ, ಹೊಲ ಇನ್ನೂ ಸಮ ಆಗಿಲ್ಲ, ಒಂದು ವಾರ ತಾಳಿ,” ಎಂದ. ವಾರ ಬಿಟ್ಟು ಮತ್ತೊಂದು ವಾರ ಎಂದ. ಸಸಿಯಕ್ಕ ತಮ್ಮ ಕಟ್ಟಳೆಯನ್ನು ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಮುರಿದು, ನಲವತ್ಮೂರನೆಯ ದಿನ ಸಸಿ ಕೊಟ್ಟರು.

“ಸೊಸೆ ದಿನಾ ಬಾಗಿಲ ಮೇಲೆ ಅಂಕಿ ಬರೀತಿದ್ಲು. ಮೂವತ್ತೈದು, ನಲವತ್ತು. ಸುಮ್ನೆ ಬರೀತಿರಲಿಲ್ಲ, ಸುತ್ತಲೂ ದುಂಡಗೆ ಗೆರೆ ಬೇರೆ ಎಳೀತಿದ್ಲು,” ಎನ್ನುತ್ತಾರೆ ಸಸಿಯಕ್ಕ. “ನಾನು ಅತ್ಲಾಗೆ ನೋಡ್ತಿರಲಿಲ್ಲ. ಆ ಹುಡುಗ ಎಷ್ಟು ಆಸೆ ಇಟ್ಕೊಂಡು ಬರ್ತಿದ್ದ ಗೊತ್ತಾ? ಕೊಡಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಒಳ್ಳೇವಳಾಗೋಕೆ ಹೋದೆ.”

ಯಜಮಾನರು ಲೋಟ ತಿರುಗಿಸುತ್ತ ಕೂತಿದ್ದವರು ಮೆಲ್ಲಗೆ ಹೇಳುತ್ತಾರೆ, “ಅವನು ಹೊಸಬ. ನೀರು ಹೆಚ್ಚು ಕಮ್ಮಿ ಮಾಡ್ಕೊಂಡ ಅಂತಾರೆ ಎಲ್ಲರೂ. ಸಸಿ ಮೇಲೆ ಯಾರೂ ಅನುಮಾನ ಪಡಲ್ಲ. ಭಾನುವಾರ ಕಳೀಲಿ, ಆಮೇಲೆ ಹೇಳಿದ್ರಾಯ್ತು.”

ನಿಜ ಹೇಳಬೇಕೆಂದರೆ ಆ ಕ್ಷಣ ನನಗೂ ಅದೇ ಸರಿ ಅನ್ನಿಸಿತು. ನನ್ನ ಲೇಖನಕ್ಕೆ ತಲೆಬರಹ ಆಗಲೇ ಸಿದ್ಧವಿತ್ತು. ಸಂಘದವರು ಬ್ಯಾನರ್ ಕೂಡ ಮಾಡಿಸಿಬಿಟ್ಟಿದ್ದರು: ‘ಹತ್ತೊಂಬತ್ತು ವರ್ಷ, ಒಂದೂ ತಪ್ಪಿಲ್ಲದ ಸಸಿ’.

“ಭಾನುವಾರ ಅಂದ್ರೆ ಇನ್ನೈದು ದಿನ,” ಎನ್ನುತ್ತಾರೆ ಸಸಿಯಕ್ಕ. “ಇವತ್ತು ಕಿತ್ತು ನಾಳೆ ನಾಡಿದ್ದು ಬೇರೆ ನೆಟ್ರೆ ಹೂ ಕಟ್ಟೋಕೆ ಬೇಕಾದ ಚಳಿ ಸಿಗುತ್ತೆ. ಐದು ದಿನ ಬಿಟ್ಟು ಹೇಳಿದ್ರೆ, ಅವನು ಅಳೋದು ಒಂದೆರಡು ದಿನ, ಹೊಲ ಸರಿ ಮಾಡೋದು ನಾಲ್ಕು ದಿನ. ಅಷ್ಟೊತ್ತಿಗೆ ಬಿಸಿಲು ಬಂದುಬಿಡುತ್ತೆ. ಹೂಕೋಸಿಗೆ ನನ್ನ ಸನ್ಮಾನ ಗೊತ್ತಾಗುತ್ತಾ? ಆಟೋ ತೆಗೀರಿ.”

ಯಜಮಾನರು ಎದ್ದು ಕೀಲಿ ಹುಡುಕುತ್ತಾರೆ. ಸೊಸೆ ಬಾಗಿಲಿನ ಅಂಕಿಗಳ ಮುಂದೆ ನಿಂತು, “ನೆಡೋಕೆ ಬೇರೆ ಸಸಿ? ಇರೋದೆಲ್ಲ ಹೇಳಿಟ್ಟಿರೋದೇ ಅತ್ತೆ,” ಎನ್ನುತ್ತಾಳೆ. ಸಸಿಯಕ್ಕ ಕೆಳಗಿನ ಮೂಲೆಯ ಒಂದು ಅಂಕಿಯ ಮೇಲೆ ಬೆರಳಿಡುತ್ತಾರೆ. ಇಪ್ಪತ್ತಾರು ದಿನದ ಹೂಕೋಸು, ಮೂವತ್ತೊಂದು ಟ್ರೇ. ಅದು ಯಾರದೂ ಅಲ್ಲ, ಇವರದೇ ಹೊಲದಲ್ಲಿ ಈ ವಾರ ನೆಡಬೇಕಿದ್ದದ್ದು. ಸೊಸೆ ಆ ಅಂಕಿಯ ಪಕ್ಕ ಕತ್ತರಿಯ ಚಿತ್ರ ಬರೆಯುತ್ತಾಳೆ.

ದರ್ಜಿಯ ಹೊಲ ಎರಡು ಮೈಲಿ ದೂರ. ನಾವು ಹೋದಾಗ ಆತ ಬದುವಿನ ಮೇಲೆ ನಿಂತು ಹಲ್ಲುಜ್ಜುತ್ತಿದ್ದಾನೆ, ಕೊರಳಲ್ಲಿ ಇಂಚುಪಟ್ಟಿ ಇನ್ನೂ ನೇತಾಡುತ್ತಿದೆ. ಗಿಡದಿಂದ ಗಿಡಕ್ಕೆ ಹದಿನೆಂಟು ಇಂಚು ಎಂದು ಸಸಿಯಕ್ಕ ಹೇಳಿದ್ದನ್ನು ಆತ ಅಕ್ಷರಶಃ ಹಿಡಿದುಕೊಂಡು, ಮೂರು ಸಾವಿರ ಗಿಡವನ್ನೂ ಅಳೆದು ನೆಟ್ಟಿದ್ದಾನೆ. ಎಷ್ಟೋ ವರ್ಷದಿಂದ ಬೇಸಾಯ ಮಾಡುವವರ ಹೊಲದಲ್ಲೂ ನಾನು ಇಷ್ಟು ನೇರವಾದ ಸಾಲು ನೋಡಿಲ್ಲ. ನಮ್ಮನ್ನು ಕಂಡು ಬಾಯಿ ಮುಕ್ಕಳಿಸಿ ಓಡಿ ಬರುತ್ತಾನೆ.

“ಅಕ್ಕಾ, ನೀವೇ ಬಂದ್ರಾ! ನಾನೇ ಬರೋನಿದ್ದೆ. ನೋಡಿ ಬನ್ನಿ, ಆಗ್ಲೇ ಹೂ ಬಂದಿದೆ! ಇಪ್ಪತ್ತೇ ದಿನಕ್ಕೆ! ಸಂಘದ ಕಾರ್ಯದರ್ಶಿಗೂ ಫೋನ್ ಮಾಡಿ ಹೇಳಿದೆ.”

ಯಜಮಾನರು ಆಟೋದ ಚಕ್ರ ನೋಡುವ ನೆಪ ಮಾಡಿ ಆಚೆ ಸರಿದರು.

ಸಸಿಯಕ್ಕ ಬದುವಿನ ಮೇಲೆ ಕೂತು, ಆತನನ್ನೂ ಕೂರಿಸಿಕೊಳ್ಳುತ್ತಾರೆ. “ತಮ್ಮಾ, ಇದು ಹೂವಲ್ಲ. ಇವತ್ತೂ ಇಷ್ಟೇ, ತಿಂಗಳು ಬಿಟ್ಟು ನೋಡಿದ್ರೂ ಇಷ್ಟೇ. ಕೀಳ್ಬೇಕು.”

ಆತ ನಗುತ್ತಾನೆ, ತಮಾಷೆ ಎಂದುಕೊಂಡು. ಆಮೇಲೆ ನಗು ನಿಲ್ಲುತ್ತದೆ. “ನೀರು ಇನ್ನೂ ಸ್ವಲ್ಪ ಕೊಟ್ರೆ?”

“ಇಲ್ಲ.”

“ಗೊಬ್ಬರ ಹಾಕಿದ್ರೆ? ನಾನೇನಾದ್ರೂ ತಪ್ಪು ಮಾಡಿದ್ನಾ ಅಕ್ಕಾ? ಅಳತೆ ಸರಿಯಾಗೇ ಇದೆ, ಬೇಕಾದ್ರೆ ನೋಡಿ.” ಇಂಚುಪಟ್ಟಿಯನ್ನು ಕೊರಳಿಂದ ತೆಗೆದೇಬಿಡುತ್ತಾನೆ.

“ನಿನ್ನ ಅಳತೆ ಸರಿಯಾಗಿದೆ. ನಿನ್ನ ನೀರೂ ಸರಿಯಾಗಿದೆ. ತಪ್ಪು ನಂದು. ಸಸಿಗೆ ವಯಸ್ಸಾಗಿತ್ತು. ಗೊತ್ತಿದ್ದೂ ಕೊಟ್ಟೆ. ನೀನು ಎರಡು ಸಲ ತಾಳಿ ಅಂದಾಗ, ಇಲ್ಲಪ್ಪ, ಇದನ್ನ ಬಿಸಾಕ್ತೀನಿ, ನಿನಗೆ ಹೊಸದು ಹಾಕ್ಕೊಡ್ತೀನಿ ಅನ್ಬೇಕಿತ್ತು. ಅನ್ಲಿಲ್ಲ.”

ಆತ ತನ್ನ ಸಾಲುಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡುತ್ತಾನೆ. ಬಗ್ಗಿ ನೆಟ್ಟ ಆರು ದಿನದ ಸೊಂಟನೋವು ಆತನಿಗೆ ನೆನಪಾಗಿರಬೇಕು, ಮನೆಯವರ ಮಾತು ನೆನಪಾಗಿರಬೇಕು. ಕೊನೆಗೆ, “ಅಂಗಡೀಲೂ ಬಟನ್ನೇ, ಇಲ್ಲೂ ಬಟನ್ನೇ ಬಂತಾ ನನ್ನ ಪಾಲಿಗೆ,” ಎನ್ನುತ್ತಾನೆ. ನಗಿಸಲು ಹೊರಟ ಮಾತು, ಹೇಳುತ್ತಲೇ ಇಂಚುಪಟ್ಟಿಯನ್ನು ಕೈಗೆ ಬಿಗಿಯಾಗಿ ಸುತ್ತಿಕೊಳ್ಳುತ್ತಾನೆ.

ಸಸಿಯಕ್ಕ ಸಮಾಧಾನ ಹೇಳುವುದಿಲ್ಲ. ಎದ್ದು ಸೀರೆ ಸಿಕ್ಕಿಸಿ ಮೊದಲನೆಯ ಸಾಲಿನ ಮೊದಲನೆಯ ಗಿಡ ಕೀಳುತ್ತಾರೆ. ಎರಡನೆಯದು ಕೀಳುತ್ತಾರೆ. ಮೂರನೆಯದಕ್ಕೆ ದರ್ಜಿಯ ಕೈ ಬರುತ್ತದೆ. ಯಜಮಾನರು ಚಪ್ಪಲಿ ಬಿಟ್ಟು ಇಳಿಯುತ್ತಾರೆ, ನಾನು ಕ್ಯಾಮೆರಾವನ್ನು ಆಟೋದಲ್ಲಿ ಇಟ್ಟು ಇಳಿಯುತ್ತೇನೆ. ನನ್ನ ಇಪ್ಪತ್ತು ವರ್ಷದ ಪತ್ರಿಕೆಯ ಕೆಲಸದಲ್ಲಿ ಅಷ್ಟು ಬೆನ್ನು ನೋಯಿಸಿಕೊಂಡ ಲೇಖನ ಇನ್ನೊಂದಿಲ್ಲ. ಗುರುವಾರ ಸಂಜೆಯ ಹೊತ್ತಿಗೆ, ಇಪ್ಪತ್ತೆಂಟು ದಿನದ ಸಸಿಗಳು ಅದೇ ಹದಿನೆಂಟು ಇಂಚಿಗೆ ಒಂದರಂತೆ ನಿಂತಿವೆ. ಸಸಿಯಕ್ಕನ ಸ್ವಂತ ಹೊಲದಲ್ಲಿ ಈ ಸಲ ಹೂಕೋಸಿಲ್ಲ, ಹುರುಳಿಕಾಯಿ.

ಈ ಹಟ ಎಲ್ಲಿಂದ ಬಂತೆಂದು ನಾನು ಕೇಳುತ್ತೇನೆ. ಹುಟ್ಟಿನಿಂದಲೇ ಬಂದ ಗುಣ ಎಂಬಂಥ ಉತ್ತರ ನಿರೀಕ್ಷಿಸಿದ್ದೆ. ಇವರಿಗೆ ಅಂಥ ಮಾತು ಬರುವುದಿಲ್ಲ. ಇಪ್ಪತ್ತಕ್ಕೆ ಮದುವೆಯಾಗಿ ಬಂದಾಗ ಮಾವ ಒಡೆದ ಬೋಗುಣಿಗಳಲ್ಲಿ ಮನೆಮಟ್ಟಿಗೆ ಸಸಿ ಮಾಡುತ್ತಿದ್ದರಂತೆ. ಗಂಡ ವಾರಗಟ್ಟಲೆ ಬಸ್ಸಿನ ಮೇಲೆ. ಮಗು ಮಲಗಿದಾಗ ಈಕೆಯೂ ಅದೇ ಬೋಗುಣಿಗಳ ಮುಂದೆ ಕೂತು ಕಲಿತರು. ಒಂದು ವರ್ಷ ಗಾಳಿಗೆ ಪರದೆ ಹಾರಿ ಪಕ್ಕದ ಮನೆಯ ಹೆಂಚಿನ ಮೇಲೆ ಕೂತಿತು, ಒಂದು ವರ್ಷ ಇರುವೆಗಳು ಬೀಜವನ್ನೆಲ್ಲ ಹೊತ್ತೊಯ್ದವು. ಎಡಗಾಲಿನ ಮಂಡಿ ಹೋಗಿ ನಾಲ್ಕು ವರ್ಷವಾಯಿತು. ಇದನ್ನೆಲ್ಲ ಅವರು ಹೇಳುವುದು ಬಸ್ಸು ತಡವಾಯಿತು ಎಂದು ಹೇಳುವ ಧಾಟಿಯಲ್ಲಿ.

“ಕಡ್ಡಿ ಅದಲು ಬದಲಾಯ್ತಲ್ಲ, ಆಗ ನಷ್ಟಕ್ಕಿಂತ ಹೆಚ್ಚು ನೋವಾಗಿದ್ದು ಬೇರೆ,” ಎನ್ನುತ್ತಾರೆ. “ಊರಿಗೆಲ್ಲ ಗೊತ್ತಾಗಿ ಕೊನೇಲಿ ನನಗೆ ಗೊತ್ತಾಯ್ತು. ಒಂಬತ್ತು ಜನರ ಎದುರು ಬೆಪ್ಪಾಗಿ ನಿಂತಿದ್ದೆ. ಆಗ ಅಂದ್ಕೊಂಡೆ, ಇನ್ಮೇಲೆ ಸಸಿ ಕೆಟ್ರೂ ನನಗೆ ಮೊದಲು ಗೊತ್ತಾಗ್ಲಿ. ನಾನೇ ಹೋಗಿ ಹೇಳೋ ಹಾಗಿರ್ಲಿ.”

ಶನಿವಾರ ಸಂಘದ ಕಾರ್ಯದರ್ಶಿ ಬ್ಯಾನರ್ ಹೊತ್ತು ತಂದು ಅಂಗಳದಲ್ಲಿ ಬಿಡಿಸಿ ತೋರಿಸುತ್ತಾರೆ. ಸಸಿಯಕ್ಕ ತಮ್ಮ ದೊಡ್ಡ ಚಿತ್ರ ನೋಡಿ ನಾಚಿ, ಆಮೇಲೆ ಕೆಳಗಿನ ಸಾಲು ಓದಿ ತಲೆ ಅಲ್ಲಾಡಿಸುತ್ತಾರೆ. “ಒಂದೂ ತಪ್ಪಿಲ್ಲದ ಸಸಿ ಅಂತ ಹಾಕ್ಬೇಡಿ. ಸುಳ್ಳಾಗುತ್ತೆ,” ಎಂದು ದರ್ಜಿಯ ಹೊಲದ ಕಥೆ ಹೇಳುತ್ತಾರೆ. ಕಾರ್ಯದರ್ಶಿ ತಲೆ ಕೆರೆದುಕೊಳ್ಳುತ್ತಾರೆ, ಅಚ್ಚಾಗಿ ಹೋಗಿದೆ, ಈಗ ಏನು ಮಾಡುವುದು? “ಅಕ್ಕಾ, ಯಾರಿಗೂ ಗೊತ್ತಿಲ್ಲವಲ್ಲ?” ಎಂದು ನೋಡುತ್ತಾರೆ. “ನನಗೆ ಗೊತ್ತಲ್ಲ. ದರ್ಜಿಗೂ ಗೊತ್ತು. ನಾಳೆ ಅವನು ಮುಂದಿನ ಸಾಲಲ್ಲಿ ಕೂತಿರ್ತಾನೆ.”

ದಾರಿ ಹುಡುಕಿದವನು ದರ್ಜಿಯೇ. ಬ್ಯಾನರನ್ನು ತನ್ನ ಅಂಗಡಿಗೆ ಒಯ್ದು, ‘ಒಂದೂ ತಪ್ಪಿಲ್ಲದ’ ಎಂಬ ಎರಡು ಪದಗಳ ಮೇಲೆ ಬಿಳಿ ಬಟ್ಟೆಯ ತೇಪೆ ಹೊಲಿದುಕೊಟ್ಟ. ಭಾನುವಾರ ವೇದಿಕೆಯ ಹಿಂದೆ ‘ಹತ್ತೊಂಬತ್ತು ವರ್ಷ, ಸಸಿ’ ಎಂದಿತ್ತು, ನಡುವೆ ಒಂದು ಬಿಳಿ ಜಾಗ. ಬಂದವರೆಲ್ಲ ಅದೇನೆಂದು ಕೇಳಿದರು. ಸಸಿಯಕ್ಕ ಮೈಕು ಹಿಡಿದು ಅದೇನೆಂದು ಹೇಳಿದರು. ಭಾಷಣ ಎಂದರೆ ಅಷ್ಟೇ, ಎರಡು ನಿಮಿಷವೂ ಇರಲಿಲ್ಲ. ಆಮೇಲೆ ಚಪ್ಪಾಳೆ ಹೊಡೆದವರಲ್ಲಿ, ಹತ್ತೊಂಬತ್ತು ವರ್ಷದ ಹಿಂದೆ ಎಲೆಕೋಸು ಹೂಕೋಸು ಅದಲು ಬದಲಾಗಿ ಪೆಚ್ಚಾದವರೂ ಇದ್ದರು.

ಈ ಲೇಖನ ಆ ವಾರವೇ ಅಚ್ಚಾಗಬೇಕಿತ್ತು. ನಾನೇ ತಡೆಹಿಡಿದೆ, ಸಂಪಾದಕರ ಕೈಲಿ ಚೆನ್ನಾಗಿ ಅನ್ನಿಸಿಕೊಂಡೆ. ಮೂರು ಸಾವಿರ ಗಿಡ ಏನಾಯಿತೆಂದು ತಿಳಿಯದೆ ಮುಗಿಸುವುದು ನನ್ನ ಕೈಲಾಗಲಿಲ್ಲ.

ಎರಡು ತಿಂಗಳ ಮೇಲೆ ಮತ್ತೆ ಹೋಗುತ್ತೇನೆ. ಅದೇ ಐದೂವರೆ, ಅದೇ ಖಾಕಿ ಅಂಗಿ, ಅದೇ ಬಸವನಹುಳುಗಳ ಡಬ್ಬಿ. ಬಟ್ಟೆ ಒಗೆಯುವ ಕಲ್ಲಿನ ಆಚೆ ನೀಲಿ ಬಟ್ಟೆಯ ಸಾಲುಗಳು ಈಗ ಎರಡು. ಒಂದರಲ್ಲಿ ಎಲೆ ಹರಡಿ ನಿಂತ ಹತ್ತು ಹೂಕೋಸು. ಪಕ್ಕದ್ದರಲ್ಲಿ ಹಳೆಯ ಗಿಡಗಳು, ಗುಂಡಿಯಷ್ಟಿದ್ದ ಹೂ ಹಳದಿಗಟ್ಟಿ ಕಡ್ಡಿಯಾಗಿವೆ. ಇವನ್ನೇಕೆ ಕಿತ್ತಿಲ್ಲ ಎಂದು ಕೇಳುತ್ತೇನೆ. “ಮುಂದಿನ ಸಲ ಯಾರಾದ್ರೂ ಬಂದು ಒಂದು ವಾರ ತಾಳಿ ಅಂದಾಗ, ಅವರಿಗಿಂತ ಮೊದಲು ನಾನು ಇದನ್ನ ನೋಡ್ಬೇಕು,” ಎನ್ನುತ್ತಾರೆ.

ಬೆಳಕು ಹರಿಯುವ ಹೊತ್ತಿಗೆ ಸೈಕಲ್ಲಿನ ಗಂಟೆ ಕೇಳುತ್ತದೆ. ದರ್ಜಿ. ಹಿಂದಿನ ಸೀಟಿಗೆ ಕಟ್ಟಿದ ಬುಟ್ಟಿಯಲ್ಲಿ ಒಂದೇ ಒಂದು ಹೂಕೋಸು, ಮಗುವನ್ನು ಕೂರಿಸಿದ ಹಾಗೆ ಟವೆಲ್ಲು ಸುತ್ತಿ ತಂದಿದ್ದಾನೆ. ನಾಳೆ ಮೊದಲ ಕೊಯ್ಲಂತೆ. ಯಾರನ್ನೂ ಮಾತಾಡಿಸದೆ ನೇರ ಸಾಕ್ಷಿ ಸಾಲಿಗೆ ಹೋಗಿ, ಅಲ್ಲಿನ ಅತಿ ದೊಡ್ಡ ಹೂವಿಗೆ ಇಂಚುಪಟ್ಟಿ ಸುತ್ತುತ್ತಾನೆ. ಆಮೇಲೆ ತನ್ನದಕ್ಕೆ ಸುತ್ತುತ್ತಾನೆ. ಎರಡನೆಯ ಸಲ ಅಳೆದು ಖಾತ್ರಿ ಮಾಡಿಕೊಳ್ಳುತ್ತಾನೆ.

“ಅಕ್ಕಾ, ತಪ್ಪು ತಿಳ್ಕೋಬೇಡಿ. ನಿಮ್ಮದಕ್ಕಿಂತ ನಂದು ಒಂದೂವರೆ ಇಂಚು ದೊಡ್ಡದು.”

ಯಜಮಾನರು ಮೀಸೆಯಡಿ ನಗುತ್ತಾರೆ. ಸೊಸೆ ಅಡುಗೆಮನೆಯ ಕಿಟಕಿಯಿಂದ ಇಣುಕುತ್ತಾಳೆ. ಸಸಿಯಕ್ಕ ಆ ಹೂಕೋಸನ್ನು ಎರಡೂ ಕೈಯಲ್ಲಿ ಎತ್ತಿ, ತಿರುಗಿಸಿ ನೋಡಿ, ತೂಕ ಅಂದಾಜು ಮಾಡುತ್ತಾರೆ. ಇವರ ಮುಖದಲ್ಲಿ ಅಂಥ ನಗು ನಾನು ಸನ್ಮಾನದ ದಿನವೂ ಕಂಡಿರಲಿಲ್ಲ. ಲೇಖನದ ಕೊನೆಗೆಂದು ಉಳಿಸಿಕೊಂಡಿದ್ದ ಪ್ರಶ್ನೆಯನ್ನು ಆಗ ಕೇಳುತ್ತೇನೆ: ಇನ್ನೇನು ಆಸೆ ಇದೆ?

ಹೂಕೋಸನ್ನು ದರ್ಜಿಯ ಬುಟ್ಟಿಗೆ ಮತ್ತೆ ಇಟ್ಟು, ಟವೆಲ್ಲು ಸರಿಮಾಡುತ್ತ ಹೇಳುತ್ತಾರೆ: “ಪ್ರತಿ ವರ್ಷ ನನ್ನ ಸಾಲು ಹೀಗೇ ಸೋಲಲಿ. ಅಷ್ಟು ಸಾಕು.”